ಚುಟ್ಟಾ ಸುತ್ತುವವರ ಮನೆಗಳು ಮಾರಾಟಕ್ಕಿವೆ

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಿಂದ ಕಡಲಿನೊಳಕ್ಕೆ ಮಣಿಸರದಂತೆ ಚಾಚಿಕೊಂಡ ದ್ವೀಪಗಳ ಸಾಲೊಂದಿದೆ. ಆ ಸಾಲಿನ ಕೊನೆಯಲ್ಲಿ, ರಸ್ತೆ ಮುಗಿಯುವಲ್ಲಿ, ಕೀ ವೆಸ್ಟ್ ಎಂಬ ಊರು. ಉದ್ದ ನಾಲ್ಕು ಮೈಲಿ, ಅಗಲ ಒಂದು ಮೈಲಿ. ತೆಂಗು, ದಾಸವಾಳ, ಕೆಂಪು ಹೂ ಸುರಿಸುವ ಗುಲ್‌ಮೊಹರ್ ಮರಗಳು, ಬೀದಿಯಲ್ಲಿ ಯಾರ ಹಂಗೂ ಇಲ್ಲದೆ ತಿರುಗುವ ಹುಂಜಗಳು. ಚಿತ್ರ ನೋಡಿದರೆ ನಮ್ಮ ಕರಾವಳಿಯ ಯಾವುದೋ ಊರೆಂದು ಮೋಸಹೋಗಬೇಕು. ಈ ಊರಿನ ಹಳೆಯ ಭಾಗದಲ್ಲಿ ಮರದ ಸಣ್ಣ ಸಣ್ಣ ಮನೆಗಳು ಆಗಾಗ ಮಾರಾಟಕ್ಕೆ ಬರುತ್ತವೆ. ದಲ್ಲಾಳಿಗಳ ಜಾಹೀರಾತಿನಲ್ಲಿ ಒಂದು ಮಾತು ತಪ್ಪುವುದಿಲ್ಲ: ಇದು ಸಿಗಾರ್ ಕಾರ್ಮಿಕನ ಐತಿಹಾಸಿಕ ಕಾಟೇಜು. ನಾವು ಚುಟ್ಟಾ ಎನ್ನುತ್ತೇವಲ್ಲ, ಅದರ ಶ್ರೀಮಂತ ಸೋದರನೇ ಸಿಗಾರ್. ಮುಂದೆ ಒಂದು ಜಗಲಿ, ಒಳಗೆ ಎರಡು ಮೂರು ಕೋಣೆ, ಮೇಲೆ ತಗಡಿನ ಮಾಡು. ಇಂಥ ಮನೆಗೆ ಹತ್ತು ಲಕ್ಷ ಡಾಲರ್ ಕೇಳುವುದು ಈಗ ಅಲ್ಲಿ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಅದರಲ್ಲಿ ಮೊದಲು ಬಾಳಿದವನು ಜೀವಮಾನವಿಡೀ ಎಲೆ ಸುತ್ತಿದ್ದರೂ ಈ ಮೊತ್ತದ ನೆರಳನ್ನೂ ಕಾಣುತ್ತಿರಲಿಲ್ಲ. ಅವನ ಬಡತನವೇ ಇವತ್ತು ಮನೆಯ ಬೆಲೆಗೆ ಒಗ್ಗರಣೆ.

ಈ ಊರಿನ ಕತೆ ಶುರುವಾಗುವುದೇ ಒಂದು ಮಾರಾಟದಿಂದ. ಸ್ಪೇನಿನವರು ಇದನ್ನು ಮೂಳೆಗಳ ದ್ವೀಪ ಎಂಬ ಅರ್ಥದಲ್ಲಿ ‘ಕಾಯೊ ಉಯೆಸೊ’ ಎಂದು ಕರೆದರು. ಆಂಗ್ಲರ ಬಾಯಲ್ಲಿ ಉಯೆಸೊ ಹೋಗಿ ವೆಸ್ಟ್ ಆಯಿತು. 1815ರಲ್ಲಿ ಸ್ಪೇನಿನ ಗವರ್ನರ್ ಈ ದ್ವೀಪವನ್ನು ಹುವಾನ್ ಪಾಬ್ಲೊ ಸಾಲಾಸ್ ಎಂಬ ಸೈನಿಕನಿಗೆ ಇನಾಮು ಕೊಟ್ಟ. ಸಾಲಾಸನಿಗೆ ದ್ವೀಪ ಬೇಕಿರಲಿಲ್ಲ, ಹಣ ಬೇಕಿತ್ತು. ಅವನು ಅದನ್ನು ಒಂದು ಸಲವಲ್ಲ, ಎರಡು ಸಲ ಮಾರಿದ! ಮೊದಲ ಸಲ ಒಂದು ಹಾಯಿದೋಣಿಗೆ, ಎರಡನೆಯ ಸಲ 1822ರ ಜನವರಿಯಲ್ಲಿ ಜಾನ್ ಸೈಮಂಟನ್ ಎಂಬ ವ್ಯಾಪಾರಿಗೆ 2,000 ಡಾಲರಿಗೆ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಜಾಣರು ನಮ್ಮ ನಗರಗಳಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಕಿಲ್ಲ. ಕೊನೆಗೆ ಸೈಮಂಟನ್ನನ ಹಕ್ಕೇ ಗೆದ್ದಿತು. ಅವನ ಹೆಸರಿನ ಬೀದಿ ಈಗಲೂ ಅಲ್ಲಿದೆ.

ಮೊದಲ ಸಂಪತ್ತು ಬಂದದ್ದು ಒಡೆದ ಹಡಗುಗಳಿಂದ. ದ್ವೀಪದ ಸುತ್ತಲಿನ ಹವಳದ ದಿಬ್ಬಗಳಿಗೆ ಹಡಗು ಬಡಿದರೆ ಸಾಕು, ಊರಿನ ದೋಣಿಗಳು ನುಗ್ಗುತ್ತಿದ್ದವು. ಜನರನ್ನು ಉಳಿಸುವುದು, ಸರಕನ್ನು ದಡ ಸೇರಿಸುವುದು, ಅದರಲ್ಲಿ ನ್ಯಾಯಾಲಯ ಗೊತ್ತುಮಾಡಿದ ಪಾಲು ಪಡೆಯುವುದು. ಇದಕ್ಕಾಗಿಯೇ 1828ರಲ್ಲಿ ಅಲ್ಲೊಂದು ಕೋರ್ಟು ಬಂತು. ಈ ಕಸುಬಿನವರಲ್ಲಿ ಬಹುಪಾಲು ಬಹಾಮಾ ದ್ವೀಪಗಳಿಂದ ಬಂದವರು. ಜೊತೆಗೆ ಹಡಗು ಕಟ್ಟುವ ಬಡಗಿಗಳೂ ಬಂದರು. ಊರಿನ ಮನೆಗಳಿಗೆ ಅವರೇ ಶಿಲ್ಪಿಗಳು. ಹಡಗಿನ ಪಕ್ಕೆಲುಬುಗಳಂತೆ ಮರಕ್ಕೆ ಮರ ಕಚ್ಚಿಸಿ ನಿಲ್ಲಿಸುತ್ತಿದ್ದರು. 1846ರ ಅಕ್ಟೋಬರಿನ ಚಂಡಮಾರುತ ಊರನ್ನು ಬಹುತೇಕ ಗುಡಿಸಿ ಹಾಕಿತು. ಕಡಲಂಚಿನ ಸಮಾಧಿಗಳಿಂದ ಹೆಣಗಳೂ ಎದ್ದುಬಂದವು. ಹಾಗಾಗಿ ಮರುವರ್ಷ ಸ್ಮಶಾನವನ್ನು ಊರ ನಡುವಿನ ಎತ್ತರದ ನೆಲಕ್ಕೆ ಒಯ್ದರು. ಅದೇ ಹೊತ್ತಿಗೆ ಇಬ್ಬರು ಬಹಾಮಾದವರು ತಮ್ಮೂರಿನ ಮನೆಗಳನ್ನೇ ಬಿಚ್ಚಿ, ಹಾಯಿಹಡಗಿಗೆ ಹೇರಿಕೊಂಡು ಬಂದು ಕೀ ವೆಸ್ಟಿನಲ್ಲಿ ಮತ್ತೆ ಜೋಡಿಸಿದರು. ಆ ಎರಡು ಮನೆಗಳು ಇನ್ನೂ ನಿಂತಿವೆ. ಮನೆಯನ್ನೇ ಹೊತ್ತುಕೊಂಡು ಗುಳೆ ಹೋದವರು!

ಕಾರ್ಮಿಕರ ಮನೆಗಳಿಗೆ ಇಷ್ಟು ವೈಭವವಿಲ್ಲ. ಆದರೆ ಅವುಗಳ ಬುದ್ಧಿವಂತಿಕೆ ದೊಡ್ಡದು. ನೆಲದಿಂದ ಮೇಲೆ ಕುಳ್ಳ ಕಂಬಗಳ ಮೇಲೆ ಕುಳಿತಿರುತ್ತವೆ. ಅಡಿಯಲ್ಲಿ ಗಾಳಿ ಆಡುತ್ತದೆ, ನೀರು ಬಂದರೆ ಹರಿದು ಹೋಗುತ್ತದೆ. ಒಂದರ ಹಿಂದೊಂದು ಕೋಣೆ. ಮುಂಬಾಗಿಲು ಹಿಂಬಾಗಿಲು ತೆರೆದರೆ ಕಡಲ ಗಾಳಿ ನೇರ ಹಾದುಹೋಗುತ್ತದೆ. ಇಂಥ ಮನೆಗೆ ‘ಶಾಟ್‌ಗನ್’ ಮನೆ ಎನ್ನುತ್ತಾರೆ. ಅಮೆರಿಕದ ವಿದ್ವಾಂಸ ಜಾನ್ ಮೈಕೇಲ್ ವ್ಲಾಕ್ 1970ರ ದಶಕದಲ್ಲಿ ಇದರ ಮೂಲ ಹುಡುಕುತ್ತಾ ನ್ಯೂ ಆರ್ಲಿಯನ್ಸಿನಿಂದ ಹೈಟಿಗೆ, ಅಲ್ಲಿಂದ ಪಶ್ಚಿಮ ಆಫ್ರಿಕಾದ ಯೊರುಬಾ ಜನರ ಎರಡು ಕೋಣೆಯ ಮನೆಯವರೆಗೆ ಹೋದ. ಸಂಕೋಲೆ ಹಾಕಿಸಿಕೊಂಡು ಬಂದವರು ಕೈಯಲ್ಲಿ ಏನನ್ನೂ ತರಲಾಗಲಿಲ್ಲ, ಮನೆಯ ಅಳತೆಯನ್ನು ತಲೆಯಲ್ಲಿ ತಂದರು ಎಂಬುದು ಅವನ ವಾದದ ಸಾರ. ಗೋಡೆಗೆ ಬಳಸಿದ್ದು ದಕ್ಷಿಣ ಫ್ಲಾರಿಡಾದ ರಾಳ ತುಂಬಿದ ಪೈನ್ ಮರ. ಒಣಗಿದ ಮೇಲೆ ಅದಕ್ಕೆ ಮೊಳೆ ಇಳಿಯದು, ಗೆದ್ದಲೂ ಹಲ್ಲು ಹಾಕದು. ಆ ಕಾಡನ್ನು ಎಷ್ಟು ಕಡಿದರೆಂದರೆ ಇಂದು ಅಂಥ ಹೊಸ ಮರ ದುಡ್ಡು ಕೊಟ್ಟರೂ ಸಿಕ್ಕುವುದಿಲ್ಲ. ದ್ವೀಪದಲ್ಲಿ ಸಿಹಿನೀರು ಸಾಲದು. ತಗಡಿನ ಮಾಡಿನ ಮಳೆನೀರು ಹಿತ್ತಿಲ ತೊಟ್ಟಿಗೆ ಬೀಳಬೇಕು, ವರ್ಷವಿಡೀ ಅದನ್ನೇ ಕುಡಿಯಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ನೌಕಾಪಡೆ ಮುಖ್ಯಭೂಮಿಯಿಂದ ಕೊಳವೆ ಹಾಕಿಸುವವರೆಗೂ ಇದೇ ಪಾಡು.

ಇನ್ನು ಚುಟ್ಟಾದ ಕತೆ. 1868ರ ಅಕ್ಟೋಬರಿನಲ್ಲಿ ಕ್ಯೂಬಾದ ಜನ ಸ್ಪೇನಿನ ವಿರುದ್ಧ ಬಂಡೆದ್ದರು. ಹತ್ತು ವರ್ಷ ನಡೆದ ಆ ಯುದ್ಧದಿಂದ ತಪ್ಪಿಸಿಕೊಂಡು ಬಂದವರಿಗೆ ತೊಂಬತ್ತು ಮೈಲಿ ದೂರದ ಕೀ ವೆಸ್ಟ್ ಆಸರೆಯಾಯಿತು. ಹವಾನಾದ ಕಾರ್ಖಾನೆದಾರ ವಿಸೆಂಟೆ ಮಾರ್ಟಿನೆಜ್ ಇಬೋರ್ 1869ರಲ್ಲಿ ಬಂದ. ಇದರಲ್ಲಿ ದೇಶಪ್ರೇಮದಷ್ಟೇ ಲೆಕ್ಕಾಚಾರವೂ ಇತ್ತು. ಸಿದ್ಧ ಸಿಗಾರಿಗೆ ಅಮೆರಿಕ ಹೇರಿದ್ದ ಸುಂಕ ಭಾರಿ, ಹಸಿ ತಂಬಾಕಿನ ಎಲೆಗೆ ಕಡಿಮೆ. ಎಲೆಯನ್ನು ಹವಾನಾದಿಂದ ತಂದು ಅಮೆರಿಕದ ನೆಲದಲ್ಲಿ ಕ್ಯೂಬಾದವರ ಕೈಯಿಂದಲೇ ಸುತ್ತಿಸಿದರೆ ಹವಾನಾ ಸಿಗಾರ್ ಕಡಿಮೆ ಸುಂಕಕ್ಕೆ ಪಾರಾದಂತೆ. 1890ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 18,000. ಆಗ ಇಡೀ ಫ್ಲಾರಿಡಾದಲ್ಲಿ ಇದಕ್ಕಿಂತ ದೊಡ್ಡ ಊರಿರಲಿಲ್ಲ. ವರ್ಷಕ್ಕೆ ಸುಮಾರು ಹತ್ತು ಕೋಟಿ ಸಿಗಾರ್ ಇಲ್ಲಿಂದ ಹೋಗುತ್ತಿತ್ತು.

ಮಾಲೀಕರ ಚಿಂತೆ ಒಂದೇ. ಕೈ ಪಳಗಿದ ಕೆಲಸಗಾರ ಬೇಸರವಾದರೆ ಸಂಜೆಯ ಹಡಗು ಹತ್ತಿ ಹವಾನಾಕ್ಕೆ ಹೊರಟುಬಿಡುತ್ತಾನೆ. ಅವನನ್ನು ಕಟ್ಟಿಹಾಕುವ ಹಗ್ಗ ಯಾವುದು? ಮನೆ. ಕಾರ್ಖಾನೆಯ ಸುತ್ತ ಒಂದೇ ಅಚ್ಚಿನ ಮನೆಗಳನ್ನು ಸಾಲಾಗಿ ಕಟ್ಟಿಸಿ ಬಾಡಿಗೆಗೋ ಕಂತಿನ ಮೇಲೋ ಕೊಟ್ಟರು. ಎಡುವಾರ್ಡೊ ಇದಾಲ್ಗೊ ಗಾಟೊ ಎಂಬವನು ಕಟ್ಟಿಸಿದ ಕೇರಿಗೆ ಗಾಟೊವಿಲ್ ಎಂದೇ ಹೆಸರು ಬಿತ್ತು. ಗಾಟೊ ಕ್ಯೂಬಾದ ಸ್ವಾತಂತ್ರ್ಯಕ್ಕೆ ಕೈತುಂಬ ಹಣ ಕೊಟ್ಟ ಮನುಷ್ಯ, ಅದನ್ನು ಮರೆಯುವಂತಿಲ್ಲ. ಆದರೆ ದುಡಿಯುವ ಜಾಗ, ಮಲಗುವ ಜಾಗ ಎರಡೂ ಒಬ್ಬನದೇ ಆದಾಗ ಕೂಲಿಕಾರನ ಧ್ವನಿ ಎಷ್ಟು ತಗ್ಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಅವರು ಸುಮ್ಮನಿರಲಿಲ್ಲ. 1889ರಲ್ಲಿ ಊರಿಗೆ ಊರೇ ಮುಷ್ಕರ ಹೂಡಿತು.

ಅವರಿಗೆ ಆ ಧೈರ್ಯ ಬಂದದ್ದೆಲ್ಲಿಂದ? ಕತೆ ಬರೆಯುವವನಾದ ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹಿಡಿಸಿದ ಮನುಷ್ಯನನ್ನು ಇಲ್ಲಿ ನೆನೆಯಬೇಕು. ಅವನು ‘ಲೆಕ್ಟರ್’, ಅಂದರೆ ಓದುವವನು. ಕಾರ್ಖಾನೆಯ ನಡುವೆ ಎತ್ತರದ ಅಟ್ಟಣೆ. ಅದರ ಮೇಲೆ ಕುಳಿತು ಅವನು ದಿನವೂ ಗಟ್ಟಿಯಾಗಿ ಓದುತ್ತಿದ್ದ. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಕೆಳಗೆ ನೂರಾರು ಜನ ಎಲೆ ಸುತ್ತುತ್ತಾ ಕೇಳುತ್ತಿದ್ದರು. ಅವನ ಸಂಬಳ ಮಾಲೀಕನದಲ್ಲ, ಕಾರ್ಮಿಕರೇ ವಾರವಾರ ಚಿಲ್ಲರೆ ಕೂಡಿಸಿ ಕೊಡುವುದು. ಯಾವ ಪುಸ್ತಕ ಓದಬೇಕೆಂಬುದನ್ನೂ ಅವರೇ ತೀರ್ಮಾನಿಸುತ್ತಿದ್ದರು. ಹ್ಯೂಗೊ, ಡ್ಯೂಮಾ, ಸೆರ್ವಾಂಟಿಸ್ ಇವರೆಲ್ಲ ಅಕ್ಷರ ಬಾರದವರ ಕಿವಿಗೆ ಹೀಗೆ ತಲುಪಿದರು. ಈ ಪದ್ಧತಿ 1865ರಲ್ಲಿ ಹವಾನಾದಲ್ಲಿ ಶುರುವಾದದ್ದು. ಮರುವರ್ಷವೇ ಸ್ಪೇನಿನ ಸರ್ಕಾರ ಹೆದರಿ ನಿಷೇಧಿಸಿತು. ಅಲ್ಲಿ ಬಾಯಿ ಮುಚ್ಚಿಸಿದವನಿಗೆ ಕೀ ವೆಸ್ಟಿನಲ್ಲಿ ಅಟ್ಟಣೆ ಸಿಕ್ಕಿತು. ನಮ್ಮ ದಕ್ಷಿಣ ಕನ್ನಡದಲ್ಲಿ ಮನೆಯ ಚಾವಡಿಯಲ್ಲಿ ಕುಳಿತು ಬೀಡಿ ಸುತ್ತುವ ಹೆಂಗಸರ ಮಡಿಲಲ್ಲಿ ಮೊರ, ಎಲೆ, ಕತ್ತರಿ. ಅವರಿಗೂ ಒಬ್ಬ ಓದುವವನು ಇದ್ದಿದ್ದರೆ ಎಂದು ಆಸೆಪಡುವುದು ತಪ್ಪಲ್ಲ ತಾನೆ?

ವಲಸಿಗರು 1871ರಲ್ಲಿ ಸ್ಯಾನ್ ಕಾರ್ಲೋಸ್ ಎಂಬ ಸಂಸ್ಥೆ ಕಟ್ಟಿಕೊಂಡರು. ಅಲ್ಲಿನ ಶಾಲೆಯಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡೂ. ಕರಿಯ ಮಕ್ಕಳು ಬಿಳಿಯ ಮಕ್ಕಳು ಒಂದೇ ಬೆಂಚಿನಲ್ಲಿ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. 1891ರ ಡಿಸೆಂಬರಿನಲ್ಲಿ ಕವಿ ಹೊಸೆ ಮಾರ್ಟಿ ಇಲ್ಲಿಗೆ ಬಂದಾಗ ಕಾರ್ಖಾನೆಗಳಿಗೇ ಹೋಗಿ ಕಾರ್ಮಿಕರೊಡನೆ ಮಾತಾಡಿದ. ಕ್ಯೂಬಾದ ಕ್ರಾಂತಿ ಪಕ್ಷದ ತಳಹದಿ 1892ರ ಜನವರಿಯಲ್ಲಿ ಈ ಊರಿನಲ್ಲೇ ಗಟ್ಟಿಯಾಯಿತು. ಬಂದೂಕಿನ ಖರ್ಚಿಗೆ ಚುಟ್ಟಾ ಸುತ್ತುವವರು ತಮ್ಮ ಕೂಲಿಯಿಂದ ಪಾಲು ಕೊಟ್ಟರು. ದೇಶವೊಂದರ ಸ್ವಾತಂತ್ರ್ಯದ ಸಣ್ಣ ಉಳಿತಾಯ ಖಾತೆ ಈ ಎರಡು ಕೋಣೆಯ ಮನೆಗಳಲ್ಲಿತ್ತು. ದಲ್ಲಾಳಿಯ ಜಾಹೀರಾತಿನಲ್ಲಿ ಈ ಸಾಲಿಗೆ ಜಾಗವಿರುವುದಿಲ್ಲ.

ಇದಕ್ಕೂ ಮೊದಲೇ, 1886ರ ಏಪ್ರಿಲ್ ಒಂದರಂದು, ಸ್ಯಾನ್ ಕಾರ್ಲೋಸ್ ಬಳಿ ಹೊತ್ತಿದ ಬೆಂಕಿ ಊರಿನ ದೊಡ್ಡ ಪಾಲನ್ನು ನುಂಗಿತ್ತು. ಊರಿಗಿದ್ದ ಬೆಂಕಿ ಆರಿಸುವ ಉಗಿಯಂತ್ರ ಆಗ ರಿಪೇರಿಗೆಂದು ನ್ಯೂಯಾರ್ಕಿಗೆ ಹೋಗಿತ್ತು! ಇಬೋರನ ಕಾರ್ಖಾನೆಯೂ ಉರಿಯಿತು. ಅವನು ಆಗಲೇ ಟ್ಯಾಂಪಾದಲ್ಲಿ ಜಮೀನು ಕೊಂಡಿದ್ದ; ಅತ್ತ ಹೊರಟ. ಒಬ್ಬೊಬ್ಬರಾಗಿ ಉಳಿದವರೂ ಹೊರಟರು. ಆಮೇಲೆ ಸಿಗರೇಟು ಬಂತು, ಯಂತ್ರ ಬಂತು, ಆರ್ಥಿಕ ಕುಸಿತ ಬಂತು. 1934ರಲ್ಲಿ ಊರಿನ ಆಡಳಿತ ದಿವಾಳಿಯೆಂದು ಕೈಚೆಲ್ಲಿತು. ಜನರಲ್ಲಿ ಬಹುಪಾಲು ಸರ್ಕಾರದ ಪರಿಹಾರದ ಮೇಲೆ ಬದುಕಬೇಕಾಯಿತು. ಕೇಂದ್ರದಿಂದ ಬಂದ ಜೂಲಿಯಸ್ ಸ್ಟೋನ್ ಎಂಬ ಅಧಿಕಾರಿಗೆ ಒಂದು ಉಪಾಯ ಹೊಳೆಯಿತು. ಕಸ ತೆಗೆಸಿ, ಮನೆಗಳಿಗೆ ಬಣ್ಣ ಬಳಿಸಿ, ಕಲಾವಿದರಿಂದ ಚಿತ್ರ ಬರೆಸಿ, ಊರನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು. ಆ ವರ್ಷಗಳಲ್ಲಿ ಅಲ್ಲೇ ವಾಸವಿದ್ದ ಹೆಮಿಂಗ್ವೇ 1937ರ ತನ್ನ ‘ಟು ಹ್ಯಾವ್ ಅಂಡ್ ಹ್ಯಾವ್ ನಾಟ್’ ಕಾದಂಬರಿಯಲ್ಲಿ ಒಂದು ಪಾತ್ರದ ಬಾಯಲ್ಲಿ ಈ ಭಯ ಆಡಿಸಿದ: ಬಡವರನ್ನು ಓಡಿಸಿ ಇದನ್ನು ಪ್ರವಾಸಿಗಳ ಊರು ಮಾಡುತ್ತಾರೆ ಎಂದು. ಸಾಹಿತಿಗಳ ಭವಿಷ್ಯವಾಣಿ ನಿಜವಾಗುವುದು ಅಪರೂಪ. ಇದು ನಿಜವಾಯಿತು, ತಡವಾಗಿ.

ತಡವಾದದ್ದಕ್ಕೆ ಕಾರಣ ಬಡತನವೇ. ಹಣವಿದ್ದ ಊರುಗಳು ಹಳೆಯ ಮನೆ ಕೆಡವಿ ಕಾಂಕ್ರೀಟು ಏರಿಸಿದವು. ಇಲ್ಲಿಯವರಿಗೆ ಕೆಡವುವುದಕ್ಕೂ ಗತಿಯಿರಲಿಲ್ಲ. 1974ರಲ್ಲಿ ನೌಕಾನೆಲೆ ಮುಚ್ಚಿದಾಗ ಮನೆಗಳು ಮಣ್ಣಿನ ಬೆಲೆಗೆ ಸಿಗುತ್ತಿದ್ದವು. ಆಗ ಬಂದು ಕೊಂಡವರು ಕಲಾವಿದರು, ಲೇಖಕರು, ಬೇರೆಡೆ ಸಮಾಜ ದೂರವಿಟ್ಟಿದ್ದ ಸಲಿಂಗಿಗಳು. ತಮ್ಮ ಕೈಯಾರೆ ಕೆತ್ತಿ ಬಳಿದು ಅವರು ಈ ಮನೆಗಳನ್ನು ಉಳಿಸಿದರು ಎಂಬುದನ್ನು ಒಪ್ಪಬೇಕು. 1971ರಲ್ಲಿ ಹಳೆಯ ಊರು ರಾಷ್ಟ್ರೀಯ ಚಾರಿತ್ರಿಕ ಪಟ್ಟಿಗೆ ಸೇರಿತ್ತು. ಈಗ ಅಲ್ಲಿ ಕಿಟಕಿ ಬದಲಿಸಬೇಕಾದರೂ ಪರಂಪರೆಯ ಆಯೋಗದ ಒಪ್ಪಿಗೆ ಬೇಕು. ಇದರ ಮೇಲೆ ಇನ್ನೊಂದು ಕಟ್ಟು. ಚಂಡಮಾರುತದ ಮುನ್ಸೂಚನೆ ಬಂದರೆ ಇಡೀ ದ್ವೀಪಸಾಲಿನ ಜನ ಒಂದೇ ರಸ್ತೆಯಲ್ಲಿ ಸುಮಾರು ಒಂದು ದಿನದಲ್ಲಿ ಹೊರಬೀಳಬೇಕು. ಆದ್ದರಿಂದ ಹೊಸ ಮನೆಗಳಿಗೆ ಪರವಾನಗಿ ಎಣಿಸಿ ಎಣಿಸಿ ಕೊಡುತ್ತಾರೆ. ನೆಲ ಬೆಳೆಯದು, ಮನೆ ಹೆಚ್ಚದು, ಕೊಳ್ಳುವವರು ಮಾತ್ರ ಹೆಚ್ಚುತ್ತಾರೆ. ಬೆಲೆ ಬೇರೆಲ್ಲಿಗೆ ಹೋದೀತು? ಕೊಂಡವರಲ್ಲಿ ಎಷ್ಟೋ ಜನ ಚಳಿಗಾಲದ ಕೆಲವು ವಾರ ಬಂದಿದ್ದು ಹೋಗುತ್ತಾರೆ. ಒಂದು ಕಾಲಕ್ಕೆ ಒಂದು ಸಂಸಾರ ವರ್ಷವಿಡೀ ಕುಡಿದ ಮಳೆನೀರಿನ ತೊಟ್ಟಿ, ಕೆಲವು ಮನೆಗಳಲ್ಲಿ ಈಗ ಈಜುಕೊಳ.

ಹೆಚ್ಚು ನೋವಿನ ಕತೆ ಬಹಾಮಾ ವಿಲೇಜಿನದು. ಕರಿಯ ಬಹಾಮಿಗಳೂ ಆಫ್ರಿಕನ್ ಮೂಲದ ಕ್ಯೂಬನ್ನರೂ ನೆಲೆಸಿದ ಕೇರಿ ಅದು. ಆಫ್ರಿಕಾದವರಿಗೆ ಈ ದ್ವೀಪ ಹೊಸದಲ್ಲ. 1860ರಲ್ಲಿ ಅಮೆರಿಕದ ನೌಕಾಪಡೆ ಗುಲಾಮರನ್ನು ಕದ್ದು ಸಾಗಿಸುತ್ತಿದ್ದ ಮೂರು ಹಡಗುಗಳನ್ನು ಹಿಡಿದು ಇಲ್ಲಿಗೆ ತಂದಿತು. 1,400ಕ್ಕೂ ಹೆಚ್ಚು ಜನ, ಅವರಲ್ಲಿ ಮಕ್ಕಳೇ ಬಹಳ. ಕೆಲವೇ ವಾರಗಳಲ್ಲಿ ಮುನ್ನೂರರಷ್ಟು ಮಂದಿ ರೋಗದಿಂದ ಸತ್ತರು. ಉಳಿದವರನ್ನು ಲೈಬೀರಿಯಾಕ್ಕೆ ಸಾಗಿಸಿದರು. ಸತ್ತವರನ್ನು ಕಡಲಂಚಿನ ಮರಳಲ್ಲಿ ಹೂತರು. ಮೇಲೆ ಕೋಟೆಯ ಕಾಮಗಾರಿ ನಡೆಯಿತು, ರಸ್ತೆ ಬಂತು, ವಿಹಾರದ ಬೀಚು ಬಂತು. 2002ರಲ್ಲಿ ನೆಲದೊಳಗೆ ನೋಡಬಲ್ಲ ರಾಡಾರ್ ಹಿಡಿದು ಹುಡುಕಿದಾಗ ಅವರ ಗೋರಿಗಳ ಗುರುತು ಸಿಕ್ಕಿತು.

ಬಹಾಮಾ ವಿಲೇಜಿನ ಮನೆಗಳು ಬಹಳ ಕಾಲ ಯಾರಿಗೂ ಬೇಕಿರಲಿಲ್ಲ. ಪಕ್ಕದ ಬೀದಿಗಳ ದರ ಏರಿದಂತೆ ಅಲ್ಲಿಗೂ ದಲ್ಲಾಳಿ ಬಂದ. ಮನೆಯ ಬೆಲೆ ಏರಿದರೆ ತೆರಿಗೆ, ವಿಮೆಯೂ ಏರುತ್ತವೆ. ಅಜ್ಜಿ ಬಿಟ್ಟುಹೋದ ಮನೆಗೆ ಹತ್ತು ಮಂದಿ ವಾರಸುದಾರರಾದರೆ ಪಾಲಿಗಿಂತ ಮಾರುವುದೇ ಸುಲಭ. ಹೊರಹಾಕುವುದಕ್ಕೆ ಲಾಠಿ ಬೇಕಾಗಲಿಲ್ಲ, ಒಳ್ಳೆಯ ಬೆಲೆಯೇ ಸಾಕಾಯಿತು. ನೌಕಾಪಡೆ ಬಿಟ್ಟ ನೆಲದಲ್ಲಿ ದುಡಿಯುವವರ ಕೈಗೆಟುಕುವ ಮನೆ ಕಟ್ಟಲು ಊರಿನ ಮತದಾರರು 2022ರಲ್ಲಿ ಒಪ್ಪಿಗೆ ಕೊಟ್ಟರು. ಅದು ಮೂರು ಎಕರೆಯಷ್ಟು ಜಾಗ. ಊರಿನ ಹೋಟೆಲುಗಳಲ್ಲಿ ಹಾಸಿಗೆ ಹಾಸುವವರು, ಪಾತ್ರೆ ತೊಳೆಯುವವರು ಹಲವರು ಒಂದೇ ಕೋಣೆ ಹಂಚಿಕೊಂಡಿದ್ದಾರೆ, ಅಥವಾ ದೂರದ ದ್ವೀಪಗಳಿಂದ ಬಸ್ಸು ಹಿಡಿದು ಬರುತ್ತಾರೆ. ಬಾಡಿಗೆ ತೆರಲಾಗದ ಕೆಲವರು ದಡದಿಂದಾಚೆ ಲಂಗರು ಹಾಕಿದ ಹಳೆಯ ದೋಣಿಗಳಲ್ಲಿ ಮಲಗುತ್ತಾರೆ. ಬೆಳಿಗ್ಗೆ ಸಣ್ಣ ದೋಣಿಗೆ ಹುಟ್ಟು ಹಾಕಿಕೊಂಡು ಕೆಲಸಕ್ಕೆ ಬರುತ್ತಾರೆ.