ಫೋನಿನಲ್ಲಿ ಕನ್ನಡ ಮೂಡಿಸಿದ ಸಲಕರಣೆಗಳು

ಸಾಫ್ಟ್‌ವೇರ್ ಬರೆಯುವವರನ್ನು ‘ನಿಮಗೆ ಇಷ್ಟದ ಸಲಕರಣೆ ಯಾವುದು’ ಎಂದು ಕೇಳಿದರೆ ಒಬ್ಬರು ಲ್ಯಾಪ್‌ಟಾಪ್ ಎನ್ನುತ್ತಾರೆ, ಇನ್ನೊಬ್ಬರು ಕೀಬೋರ್ಡ್ ಎನ್ನುತ್ತಾರೆ. ಕನ್ನಡಕ್ಕಾಗಿ ದುಡಿದವರು ಮಾತ್ರ ಮೊದಲು ಸಲಕರಣೆಯನ್ನೇ ಮಾಡಿಕೊಳ್ಳಬೇಕಾಯಿತು. ಕಂಪ್ಯೂಟರಿನ ಕೀಲಿಮಣೆಯಲ್ಲಿ ಇದ್ದದ್ದು ಇಂಗ್ಲಿಷಿನ 26 ಅಕ್ಷರ. ನಮ್ಮದು ಅದಕ್ಕಿಂತ ದೊಡ್ಡ ವರ್ಣಮಾಲೆ. ಅದರ ಮೇಲೆ ಕಾಗುಣಿತ, ಒತ್ತಕ್ಷರ ಬೇರೆ.

1980ರ ದಶಕದಲ್ಲಿ ಇದಕ್ಕೆ ಸಿಕ್ಕ ಒಂದು ಉತ್ತರ ಹಾರ್ಡ್‌ವೇರ್. ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್ ಬೆಳೆಸಿದ ‘ಜಿಸ್ಟ್’ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸಿದರೆ ಭಾರತದ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು.

ಕಾರ್ಡಿನ ಹಂಗಿಲ್ಲದ ದಾರಿ ತೋರಿಸಿದವರಲ್ಲಿ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಮುಖ್ಯರು. ಅವರು ಇಂಗ್ಲಿಷ್ ಕೀಲಿಮಣೆಯನ್ನೇ ಇಟ್ಟುಕೊಂಡು ಕನ್ನಡ ಹೊಂದಿಸಿದರು. ‘ಕ’ ಒತ್ತುವ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ‘ಖ’. ಒತ್ತಕ್ಷರಕ್ಕೆ ನಡುವೆ ‘ಎಫ್’ ಕೀಲಿ. ‘ಬಳ್ಳಾರಿ’ ಎಂದು ಬರೆಯಲು ಶಿಫ್ಟ್ ಬಿಟ್ಟರೆ ಏಳು ಒತ್ತು ಸಾಕು: ಬ, ಳ, ಎಫ್, ಳ, ಆ, ರ, ಇ. ಅವರು ‘ಸೇಡಿಯಾಪು’ ಎಂಬ ತಂತ್ರಾಂಶ ಮಾಡಿ ಉಚಿತವಾಗಿ ಕೊಟ್ಟರು. ಮುಂದೆ ಸರ್ಕಾರವೂ ಈ ವಿನ್ಯಾಸವನ್ನೇ ಒಪ್ಪಿತು. ನಮ್ಮ ಪಕ್ಕದ ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು.

1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹೋಯಿತು. ಮದುವೆ ಕಾರ್ಡು, ಅರ್ಜಿ, ಕರಪತ್ರ ಎಲ್ಲ ಕನ್ನಡದಲ್ಲಿ ಸಲೀಸಾದವು.

ಆದರೆ ಒಂದು ತೊಡಕು ಒಳಗೇ ಉಳಿದಿತ್ತು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್! ಆ ಫಾಂಟ್ ಇಲ್ಲದ ಕಡೆ ಅದೇ ಫೈಲ್ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿದ್ದರು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಕುರುಗೋಡಿನ ಫೋನಿಗೂ ಅಮೆರಿಕದ ಕಂಪ್ಯೂಟರಿಗೂ 3221 ಅಂದರೆ ‘ಕ’ವೇ. ನೀವು ಈಗ ಓದುತ್ತಿರುವುದು ಇದೇ ಲೆಕ್ಕದಿಂದ.

ಈ ಇತಿಹಾಸ ನಮಗೆ ಯಾಕೆ ಬೇಕು? ಸಿರುಗುಪ್ಪ, ಕುರುಗೋಡು ಕಡೆಯವರು ಕಂಟೋನ್ಮೆಂಟಿಗೋ ಊರಿನ ಅಂಗಡಿಗೋ ಹೋಗಿ ಟೈಪ್ ಮಾಡಿಸಿದ ಎಷ್ಟೋ ಬರಹಗಳು ಹಳೆಯ ಫಾಂಟಿನಲ್ಲೇ ಇರಬಹುದು. ಶಾಲೆಯ ಸ್ಮರಣ ಸಂಚಿಕೆ, ಅಜ್ಜಿಯರಿಂದ ಬರೆದುಕೊಂಡ ಸೋಬಾನೆ ಪದ, ಸಂಘದ ನಡಾವಳಿ. ಅವುಗಳ ಪಿಡಿಎಫ್ ಫೋನಿನಲ್ಲಿ ಕಾಣಿಸಬಹುದು, ಆದರೆ ಅದರೊಳಗೆ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ. ಸಿಡಿ ಕೆಟ್ಟರೆ, ಅಂಗಡಿ ಮುಚ್ಚಿದರೆ ಅಷ್ಟೂ ಹೋಯಿತು.

ಹಾಗಾಗಿ ಇನ್ನು ಟೈಪ್ ಮಾಡಿಸುವಾಗ ‘ಯೂನಿಕೋಡ್‌ನಲ್ಲಿ ಮಾಡಿ, ಫೈಲೂ ಕೊಡಿ’ ಎಂದು ಕೇಳಿ. ಹಳೆಯ ಫೈಲ್ ಇದ್ದರೆ ಯೂನಿಕೋಡಿಗೆ ಬದಲಿಸಿಕೊಳ್ಳಿ. ಅದಕ್ಕೆ ಉಚಿತ ತಂತ್ರಾಂಶಗಳಿವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಸರಿಯಾಗಿವೆಯೇ ಎಂದು ಒಮ್ಮೆ ಓದಿ ನೋಡಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.