ಟಿಕೆಟ್ ‘ಖಚಿತ’ವಾಗುವುದು ಯಾವಾಗ?: ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಒಂದು ಸಂಶೋಧನಾ ಟಿಪ್ಪಣಿ

2024ರ ಮಾರ್ಚ್ 13ರಂದು ಬಿಜೆಪಿ ಕರ್ನಾಟಕದ 28 ಲೋಕಸಭಾ ಕ್ಷೇತ್ರಗಳ ಪೈಕಿ 20ಕ್ಕೆ ಅಭ್ಯರ್ಥಿಗಳನ್ನು ಪ್ರಕಟಿಸಿತು. ಉತ್ತರ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 1996ರಿಂದ 2019ರವರೆಗೆ ನಡೆದ ಏಳೂ ಲೋಕಸಭಾ ಚುನಾವಣೆಗಳಲ್ಲಿ ಇಲ್ಲಿ ಪಕ್ಷದ ಅಭ್ಯರ್ಥಿಯಾಗಿದ್ದವರು ಅನಂತಕುಮಾರ ಹೆಗಡೆ. 1999ರಲ್ಲಿ ಮಾರ್ಗರೆಟ್ ಆಳ್ವ ಅವರೆದುರು ಸೋತದ್ದನ್ನು ಬಿಟ್ಟರೆ ಉಳಿದ ಆರು ಬಾರಿಯೂ ಗೆದ್ದವರು. 2019ರ ಅಂತರ 4,79,649 ಮತ. ಇಂಥವರಿಗೆ ಟಿಕೆಟ್ ತಪ್ಪೀತೆಂದು ಬಹಳ ಜನ ಎಣಿಸಿರಲಿಲ್ಲ. ಹನ್ನೊಂದು ದಿನಗಳ ಬಳಿಕ, ಮಾರ್ಚ್ 24ರ ಪಟ್ಟಿಯಲ್ಲಿ ಬಂದ ಹೆಸರು ವಿಶ್ವೇಶ್ವರ ಹೆಗಡೆ ಕಾಗೇರಿ ಅವರದು. ವಿಧಾನಸಭೆಯ ಸಭಾಧ್ಯಕ್ಷರಾಗಿದ್ದ ಕಾಗೇರಿ ಹಿಂದಿನ ವರ್ಷವಷ್ಟೇ ಶಿರಸಿಯಲ್ಲಿ ಭೀಮಣ್ಣ ನಾಯ್ಕ ಅವರೆದುರು ಸೋತಿದ್ದರು.

ಆರಂಭದಲ್ಲಿ ಮುಂಚೂಣಿಯಲ್ಲಿರುವವರಿಗೆ ಟಿಕೆಟ್ ಖಚಿತವೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಹೆಗಡೆಯವರ ಪ್ರಕರಣವನ್ನು ಸಾಮಾನ್ಯವಾಗಿ ಒಂದೇ ಕಾರಣಕ್ಕೆ ಕಟ್ಟಿಹಾಕುತ್ತಾರೆ. ಸಂವಿಧಾನ ತಿದ್ದುಪಡಿಗೆ ದೊಡ್ಡ ಬಹುಮತ ಬೇಕೆಂದು ಅವರು ಆ ಮಾರ್ಚ್ ತಿಂಗಳಲ್ಲಿ ಆಡಿದ ಮಾತು ದೇಶವಿಡೀ ಸುದ್ದಿಯಾಯಿತು, ಅದು ವೈಯಕ್ತಿಕ ಅಭಿಪ್ರಾಯವೆಂದು ಪಕ್ಷ ದೂರ ನಿಂತಿತು. ಜನವರಿಯಲ್ಲಿ ಕುಮಟಾದಲ್ಲಿ ಆಡಿದ ಮಾತಿಗೂ ಪೊಲೀಸ್ ಪ್ರಕರಣ ದಾಖಲಾಗಿತ್ತು. ಆದರೆ ಈ ವಿವರಣೆ ಸಾಲದು. ಅದೇ ಮಾರ್ಚ್ 13ರ ಪಟ್ಟಿಯಲ್ಲಿ ದಕ್ಷಿಣ ಕನ್ನಡದ ಹಾಲಿ ಸಂಸದ ನಳಿನ್ ಕುಮಾರ್ ಕಟೀಲ್ ಅವರ ಜಾಗಕ್ಕೆ ಬ್ರಿಜೇಶ್ ಚೌಟ ಬಂದರು. ಉಡುಪಿ–ಚಿಕ್ಕಮಗಳೂರಿನ ಶೋಭಾ ಕರಂದ್ಲಾಜೆ ಬೆಂಗಳೂರು ಉತ್ತರಕ್ಕೆ ಹೋದರು, ಅವರು ಬಿಟ್ಟ ಕ್ಷೇತ್ರದಲ್ಲಿ ಕೋಟ ಶ್ರೀನಿವಾಸ ಪೂಜಾರಿ ಅಭ್ಯರ್ಥಿಯಾದರು. ಕರಾವಳಿಯ ಮೂರೂ ಕ್ಷೇತ್ರಗಳಲ್ಲಿ ಹಾಲಿ ಸಂಸದರು ಬದಲಾದರು, ಮೂರರಲ್ಲೂ ಪಕ್ಷವೇ ಗೆದ್ದಿತು. ಕಾಗೇರಿಯವರ ಅಂತರವೇ 3,37,428. ನನ್ನ ಓದು ಇಷ್ಟು: ಗೆಲುವಿನ ದೊಡ್ಡ ಅಂತರವನ್ನು ಬೆಂಬಲಿಗರು ನಾಯಕನ ಬಲವೆಂದು ಎಣಿಸುತ್ತಾರೆ; ವರಿಷ್ಠರಿಗೆ ಅದೇ ಅಂಕಿ, ಇಲ್ಲಿ ಯಾರನ್ನು ನಿಲ್ಲಿಸಿದರೂ ನಡೆದೀತು ಎಂಬ ಧೈರ್ಯ ಕೊಡುತ್ತದೆ.

ಈ ಓದಿಗೆ ಅಡ್ಡ ಬರುವ ಸಂಗತಿಯೂ ಇದೇ ಭಾಗದಲ್ಲಿದೆ. ಹೊನ್ನಾವರ ತಾಲೂಕು ವಿಧಾನಸಭೆಯ ಮಟ್ಟಿಗೆ ಎರಡಾಗಿ ಹಂಚಿಹೋಗಿದೆ: ಒಂದು ಪಾಲು ಭಟ್ಕಳ ಕ್ಷೇತ್ರಕ್ಕೆ, ಇನ್ನೊಂದು ಕುಮಟಾಕ್ಕೆ. 2018ರಲ್ಲಿ ಕುಮಟಾದಲ್ಲಿ ದಿನಕರ ಶೆಟ್ಟಿ 32 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದಿದ್ದರು. 2023ರಲ್ಲಿ ಬಿಜೆಪಿ ಅವರನ್ನೇ ಉಳಿಸಿಕೊಂಡಿತು. ಭಟ್ಕಳದಲ್ಲೂ ಹಾಲಿ ಶಾಸಕ ಸುನೀಲ್ ನಾಯ್ಕ ಅವರಿಗೇ ಟಿಕೆಟ್ ಸಿಕ್ಕಿತು, ಎದುರಿಗೆ ಕಾಂಗ್ರೆಸ್ಸಿನಿಂದ ನಿರೀಕ್ಷೆಯಂತೆ ಮಂಕಾಳ ವೈದ್ಯ ನಿಂತು ಗೆದ್ದರು. ಆದ್ದರಿಂದ ಮುಂಚೂಣಿಯವರು ತಪ್ಪಿಹೋಗುವುದೇ ನಿಯಮ ಎನ್ನಲಾಗದು. ಹಾಲಿ ಶಾಸಕರಿಗೆ ಟಿಕೆಟ್ ಸಿಗುವುದೇ ಹೆಚ್ಚು. ಖಚಿತ ಎಂಬ ಮಾತಿಗೆ ಮಾತ್ರ ಆಧಾರವಿಲ್ಲ.

ಕುಮಟಾದ ಅಂಕಿಗಳನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ದಿನಕರ ಶೆಟ್ಟಿಯವರಿಗೆ 2018ರಲ್ಲೂ 2023ರಲ್ಲೂ ಬಿದ್ದ ಮತ 60 ಸಾವಿರದ ಆಸುಪಾಸಿನಲ್ಲೇ ಇದೆ. ಅಂತರ ಮಾತ್ರ 32 ಸಾವಿರದಿಂದ 676ಕ್ಕೆ ಕುಸಿಯಿತು, ಏಕೆಂದರೆ ಎರಡನೇ ಸಲ ಎದುರಿನ ಮತ ಜೆಡಿಎಸ್‌ನ ಸೂರಜ್ ನಾಯ್ಕ ಸೋನಿ ಅವರ ಸುತ್ತ ಒಟ್ಟುಗೂಡಿತ್ತು. ಹಿಂದಿನ ಅಂತರ ಅಳೆದದ್ದು ಎದುರಾಳಿಗಳ ಒಡಕನ್ನು. ಮುಂಚೂಣಿಯ ಲೆಕ್ಕ ಹಾಕುವವರು ಈ ಎರಡು ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಅಗತ್ಯ.

2023ರ ಅದೇ ಚುನಾವಣೆಯಲ್ಲಿ ಕುಮಟಾದ ಕಾಂಗ್ರೆಸ್ ಟಿಕೆಟ್ ಮಾಜಿ ಶಾಸಕಿ ಶಾರದಾ ಶೆಟ್ಟಿ ಸೇರಿದಂತೆ ಸ್ಥಳೀಯ ಆಕಾಂಕ್ಷಿಗಳನ್ನು ದಾಟಿ ಮಾರ್ಗರೆಟ್ ಆಳ್ವ ಅವರ ಮಗ ನಿವೇದಿತ್ ಆಳ್ವ ಅವರಿಗೆ ಹೋಯಿತು. ಅವರು ಮೂರನೇ ಸ್ಥಾನಕ್ಕೆ ಇಳಿದರು. 2008ರಲ್ಲಿ ಇದೇ ಮಗನಿಗೆ ಟಿಕೆಟ್ ತಪ್ಪಿದಾಗ, ಪಕ್ಷದ ಟಿಕೆಟ್‌ಗಳು ಮಾರಾಟವಾಗುತ್ತಿವೆ ಎಂದು ತಾಯಿ ಬಹಿರಂಗವಾಗಿ ಆರೋಪಿಸಿ ಎಐಸಿಸಿ ಪ್ರಧಾನ ಕಾರ್ಯದರ್ಶಿ ಹುದ್ದೆ ಕಳೆದುಕೊಂಡಿದ್ದರು. ಟಿಕೆಟ್ ಯಾರು, ಹೇಗೆ ಕೊಡುತ್ತಾರೆ ಎಂಬ ಪ್ರಶ್ನೆ ಈ ಜಿಲ್ಲೆಯನ್ನು ಪ್ರತಿನಿಧಿಸಿದವರ ಬಾಯಲ್ಲೇ ಬಂದದ್ದು ಗಮನಾರ್ಹ.

ಟಿಕೆಟನ್ನು ವರಿಷ್ಠರ ಬದಲು ಮತದಾನವೇ ನಿರ್ಧರಿಸಿದರೂ ಖಾತ್ರಿ ಸಿಗುವುದಿಲ್ಲ. ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಯನ್ನು ರಾಜ್ಯವಾರು ಮತದಾನದಲ್ಲಿ ಆರಿಸುತ್ತಾರೆ. ಅಲ್ಲಿ ಮುಂಚೂಣಿ ಕುಸಿಯುವುದು ಕಣ್ಣೆದುರೇ ಕಾಣುತ್ತದೆ. 2008ರ ಆರಂಭದಲ್ಲಿ ಅಯೋವಾದಲ್ಲಿ, ಮುಂಚೂಣಿಯಲ್ಲಿದ್ದ ಹಿಲರಿ ಕ್ಲಿಂಟನ್ ಮೂರನೆಯವರಾದರು. 2024ರಲ್ಲಂತೂ ಜೋ ಬೈಡನ್ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಪ್ರತಿನಿಧಿಗಳಲ್ಲಿ ಬಹುತೇಕ ಎಲ್ಲರನ್ನೂ ಗೆದ್ದ ಮೇಲೂ ಜುಲೈ 21ರಂದು ಹಿಂದೆ ಸರಿದರು. ಮತ ಎಣಿಸಿದ ಬಳಿಕವೂ ವಿಧ್ಯುಕ್ತ ಘೋಷಣೆಯವರೆಗೆ ಖಾತ್ರಿಯಿಲ್ಲ. ಮತದಾನದಿಂದ ಅಭ್ಯರ್ಥಿಯನ್ನು ಆರಿಸುವ ಇಂಥದೊಂದು ಪ್ರಯೋಗ ನಮ್ಮ ಕರಾವಳಿಯಲ್ಲೂ ನಡೆದಿದೆ. 2014ರಲ್ಲಿ ರಾಹುಲ್ ಗಾಂಧಿಯವರ ಯೋಜನೆಯಂತೆ ಕಾಂಗ್ರೆಸ್ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರದಲ್ಲಿ ಪಕ್ಷದೊಳಗಿನ ಮತದಾನದಿಂದ ಅಭ್ಯರ್ಥಿಯನ್ನು ಆರಿಸಿತು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಆ ಮತದಾನ ಗೆದ್ದು, ಚುನಾವಣೆಯಲ್ಲಿ ಸೋತರು.

ನಮ್ಮಲ್ಲಿ ವಿಧ್ಯುಕ್ತ ಘೋಷಣೆಗೆ ಸಮನಾದದ್ದು ಪಟ್ಟಿಯೂ ಅಲ್ಲ, ಬಿ ಫಾರಂ. ಎ ಫಾರಂನಲ್ಲಿ ಪಕ್ಷ ತನ್ನ ಅಧಿಕಾರಯುಕ್ತ ಪದಾಧಿಕಾರಿಯನ್ನು ತಿಳಿಸುತ್ತದೆ. ಆ ಪದಾಧಿಕಾರಿ ಸಹಿ ಹಾಕಿದ ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು. ಉತ್ತರ ಕನ್ನಡಕ್ಕೆ 2024ರಲ್ಲಿ ಆ ದಿನ ಏಪ್ರಿಲ್ 19. ಫಾರಂನಲ್ಲಿ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲೇ ಬದಲಿ ಅಭ್ಯರ್ಥಿಗೂ ಒಂದು ಕಲಂ ಇದೆ. ಮೊದಲು ಕೊಟ್ಟ ಫಾರಂ ರದ್ದುಪಡಿಸಿ ಆ ಗಡುವಿನೊಳಗೆ ಇನ್ನೊಬ್ಬರಿಗೆ ಕೊಡಲೂ ಪಕ್ಷಕ್ಕೆ ಅವಕಾಶವಿದೆ.

ಚುನಾವಣಾ ಆಯೋಗದ ಫಲಿತಾಂಶದ ದಾಖಲೆಗಳಲ್ಲಿ ಉಳಿಯುವುದು ಕಣದಲ್ಲಿದ್ದವರ ಹೆಸರು ಮಾತ್ರ. ಟಿಕೆಟ್ ತಪ್ಪಿ ಕಣದಿಂದ ಹೊರಗುಳಿದ ಮುಂಚೂಣಿಯವರು ಅಲ್ಲೆಲ್ಲೂ ಇಲ್ಲ. ಅವರ ಗುರುತು ಸಿಗುವುದು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ. ಹೀಗಾಗಿ ಗೆದ್ದವರ ಪಟ್ಟಿಯನ್ನಷ್ಟೇ ಹಿಡಿದು ಮುಂಚೂಣಿಯ ಬಲ ಅಳೆದರೆ ಲೆಕ್ಕ ಮುಂಚೂಣಿಯವರ ಪರವಾಗಿಯೇ ವಾಲುತ್ತದೆ. ಮುಂದಿನ ವಿಧಾನಸಭಾ ಚುನಾವಣೆಗೆ ಮೊದಲು ಭಟ್ಕಳ ಮತ್ತು ಕುಮಟಾ ಕ್ಷೇತ್ರಗಳ ಆಕಾಂಕ್ಷಿಗಳ ಹೆಸರನ್ನು ಆರು ತಿಂಗಳು, ಮೂರು ತಿಂಗಳು, ಒಂದು ತಿಂಗಳು ಮುಂಚೆ ಪತ್ರಿಕೆಗಳಿಂದ ದಿನಾಂಕ ಸಮೇತ ಬರೆದಿಟ್ಟು, ಕೊನೆಗೆ ಬಿ ಫಾರಂ ಪಡೆದವರೊಡನೆ ಹೋಲಿಸಬೇಕು. ಈ ಕೆಲಸವನ್ನು ಜಿಲ್ಲೆಯ ಯಾವುದೇ ಪದವಿ ಕಾಲೇಜಿನ ರಾಜ್ಯಶಾಸ್ತ್ರ ವಿಭಾಗ ಮಾಡಬಹುದು.