ಕೆಲಸದಿಂದ ತೆಗೆದರು, ಇಎಸ್‌ಐ ನಿರುದ್ಯೋಗ ಪರಿಹಾರವೂ ಇಲ್ಲ ಅಂದರು: ಮುಂದೇನು?

ಗಾರ್ಮೆಂಟ್ಸ್ ಇರಲಿ, ಪೇಟೆಯ ದೊಡ್ಡ ಬಟ್ಟೆ ಅಂಗಡಿ ಇರಲಿ, ಸಂಬಳದಲ್ಲಿ ಹಿಡಿಯುವ ಇಎಸ್‌ಐ ಬರೀ ಆಸ್ಪತ್ರೆ ದುಡ್ಡಲ್ಲ. ಕೆಲಸ ಹೋದವರಿಗೆ ಹಣ ಕೊಡುವ ಯೋಜನೆಯೂ ಅದರಲ್ಲಿದೆ. ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈನಲ್ಲಿ ಶುರುವಾದಾಗ ಸರಾಸರಿ ದಿನದ ದುಡಿಮೆಯ ಶೇ. 25 ಕೊಡುತ್ತಿದ್ದರು, 2020ರಲ್ಲಿ ಶೇ. 50 ಮಾಡಿದರು. ಜೀವಮಾನದಲ್ಲಿ ಒಟ್ಟು 90 ದಿನಕ್ಕೆ ಮಾತ್ರ. ದಿನದ ಸರಾಸರಿ 500 ರೂ. ಇದ್ದವರಿಗೆ ಪೂರ್ತಿ ಸಿಕ್ಕರೆ 22,500 ರೂ. ಮೂರು ತಿಂಗಳ ಬಾಡಿಗೆ, ರೇಷನ್ನಿಗೆ ಅದೇನು ಸಣ್ಣ ಮೊತ್ತವಲ್ಲ.

ಇದು ಕಾಯಂ ಯೋಜನೆಯಲ್ಲ, ನಿಗಮ ಅವಧಿ ವಿಸ್ತರಿಸುತ್ತಾ ಬಂದಿದೆ. ಅರ್ಜಿ ಹಾಕುವ ಮುಂಚೆ ಈಗ ಜಾರಿಯಲ್ಲಿದೆಯಾ ಅಂತ ಉಚಿತ ಸಹಾಯವಾಣಿ 1800-11-2526ಕ್ಕೆ ಕೇಳಿಕೊಳ್ಳಿ.

ಕೆಲಸ ಹೋಗಿ 30 ದಿನ ಆದ ಮೇಲೆ ಇಎಸ್‌ಐ ಪೋರ್ಟಲ್‌ನಲ್ಲಿ ನೇರವಾಗಿ ಅರ್ಜಿ ಹಾಕಬಹುದು, ಮಾಲೀಕರ ಸಹಿಗೆ ಕಾಯಬೇಕಿಲ್ಲ. ಆದರೆ ‘ರಿಜೆಕ್ಟ್’ ಅಂತ ಬಂದಾಗ ಬಹಳ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಮೊದಲು ಶಾಖಾ ಕಚೇರಿಗೆ ಹೋಗಿ, ಯಾಕೆ ತಿರಸ್ಕರಿಸಿದಿರಿ ಅಂತ ಅರ್ಜಿ ಬರೆದುಕೊಟ್ಟು, ಉತ್ತರವನ್ನೂ ಬರವಣಿಗೆಯಲ್ಲೇ ಕೇಳಿ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ಉತ್ತರ ಹಿಡಿದು ಮೇಲಿನ ಕಚೇರಿಗೆ ಹೋದರೆ ಪ್ರಯೋಜನವಿಲ್ಲ.

ಕಾರಣ ದಿನಗಳ ಲೆಕ್ಕದ್ದಾಗಿರಬಹುದು. ಕೆಲಸ ಹೋಗುವ ಹಿಂದಿನ ಎರಡು ವರ್ಷ ನೀವು ಇಎಸ್‌ಐ ವ್ಯಾಪ್ತಿಯ ಕೆಲಸದಲ್ಲಿರಬೇಕು. ವಂತಿಗೆಯನ್ನು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಆರಾರು ತಿಂಗಳಿಗೆ ಲೆಕ್ಕ ಹಾಕುತ್ತಾರೆ. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ ಕನಿಷ್ಠ 78 ದಿನ, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ನಿಮ್ಮ ವಿಮಾ ಸಂಖ್ಯೆಯಿಂದ ಪೋರ್ಟಲ್‌ನಲ್ಲಿ ಇದನ್ನು ನೋಡಬಹುದು. ಸಂಬಳದಲ್ಲಿ ಹಿಡಿದು ಕಟ್ಟದೇ ಇದ್ದರೆ ಪೇ ಸ್ಲಿಪ್ಪೇ ನಿಮ್ಮ ಸಾಕ್ಷಿ.

ಹೆಚ್ಚು ತೊಂದರೆ ಕೊಡುವುದು ಇನ್ನೊಂದು. ಪ್ರತಿ ತಿಂಗಳ ವಂತಿಗೆ ತುಂಬುವಾಗ, ಕೆಲಸಕ್ಕೆ ಬಾರದವರ ಹೆಸರಿನ ಮುಂದೆ ಮಾಲೀಕರು ಕಾರಣ ಆಯ್ಕೆ ಮಾಡಬೇಕು: ರಜೆ, ಕೆಲಸ ಬಿಟ್ಟಿದ್ದಾರೆ, ನಿವೃತ್ತಿ, ಕೆಲಸವಿಲ್ಲ, ಹೀಗೆ. ನಿಮ್ಮನ್ನು ಮನೆಗೆ ಕಳಿಸಿ ಅಲ್ಲಿ ‘ರಜೆ’ ಅಂತ ಹಾಕಿದ್ದರೆ, ಕಂಪ್ಯೂಟರ್ ಪ್ರಕಾರ ನೀವಿನ್ನೂ ಕೆಲಸದಲ್ಲೇ ಇದ್ದೀರಿ! ಟರ್ಮಿನೇಶನ್ ಪತ್ರ, ಅದೂ ಇಲ್ಲದಿದ್ದರೆ ಕೊನೆಯ ಸಂಬಳ ಬಂದ ಬ್ಯಾಂಕ್ ಪಾಸ್‌ಬುಕ್ ಪುಟ ಲಗತ್ತಿಸಿ, ತಿದ್ದಿಸಲು ಅರ್ಜಿ ಕೊಡಿ.

ದುರ್ನಡತೆಗೆ ಶಿಕ್ಷೆಯಾಗಿ ವಜಾ ಆದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಈ ಹಣ ಇಲ್ಲ. ‘ನಾಳೆಯಿಂದ ಬರಬೇಡ’ ಎಂದು ಕಳಿಸಿ, ಅರ್ಜಿ ಹಾಕಿದ ಮೇಲೆ ದುರ್ನಡತೆ ಅಂದರೆ, ನೋಟಿಸ್ ಎಲ್ಲಿ, ವಿಚಾರಣೆ ಯಾವಾಗ ನಡೆಯಿತು ಅಂತ ಕೇಳಿ. ವಜಾವನ್ನೇ ಪ್ರಶ್ನಿಸುವುದಾದರೆ ಅದು ಬೇರೆ ದಾರಿ, ಜಿಲ್ಲಾ ಕಾರ್ಮಿಕ ಅಧಿಕಾರಿಗೆ ದೂರು ಕೊಡಬೇಕು. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಲೇಬೇಡಿ.

ಶಾಖೆಯಲ್ಲಿ ಬಗೆಹರಿಯದಿದ್ದರೆ ಪ್ರಾದೇಶಿಕ ಅಥವಾ ಉಪ ಪ್ರಾದೇಶಿಕ ಕಚೇರಿಗೆ ಬರೆಯಿರಿ. ತಿಂಗಳಿಗೊಮ್ಮೆ ನಡೆಯುವ ‘ಸುವಿಧಾ ಸಮಾಗಮ’ ಕುಂದುಕೊರತೆ ಸಭೆಯಲ್ಲೂ ಹೇಳಿಕೊಳ್ಳಬಹುದು. ಅಲ್ಲೂ ಆಗದಿದ್ದರೆ ನೌಕರರ ವಿಮಾ ನ್ಯಾಯಾಲಯವಿದೆ, ಮೂರು ವರ್ಷದೊಳಗೆ ಹೋಗಬೇಕು. ವಕೀಲರ ಫೀಸಿಗೆ ಹೆದರಬೇಡಿ: ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟ್ ಆವರಣದ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಅಂಗಡಿ ಮಾಲೀಕರಿಗೂ ಒಂದು ಮಾತು. 10 ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಇಎಸ್‌ಐ ಕಡ್ಡಾಯ. ನಿಮ್ಮ ಪಾಲು ಸಂಬಳದ ಶೇ. 3.25, ಕೆಲಸದವರದ್ದು ಶೇ. 0.75. ನಿರುದ್ಯೋಗ ಪರಿಹಾರ ಕೊಡುವುದು ನಿಗಮ, ನಿಮ್ಮ ಗಲ್ಲಾದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ತೆಗೆದವರ ಹೆಸರಿನ ಮುಂದೆ ಸರಿಯಾದ ಕಾರಣ, ಸರಿಯಾದ ಕೊನೆಯ ದಿನಾಂಕ ಹಾಕುವಂತೆ ನಿಮ್ಮ ಲೆಕ್ಕ ಬರೆಯುವವರಿಗೆ ಹೇಳಿಬಿಡಿ.